ಗೋಷೆನ್‌ವಾಲೇ

ಘಾಜಿಯಾಬಾದ್‌ನ ಆಸ್ಪತ್ರೆ. ಡೆಂಗ್ಯೂ ಬಂದ ಮಕ್ಕಳ ಐಸಿಯು ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕನ್ನಡದಲ್ಲಿ ಮಾತಾಡುತ್ತಿದ್ದರು.

"ರೀ, ಬೈಬಲಲ್ಲಿ ದೇವರು ಫರೋಹನ ದೇಶಕ್ಕೆ ಶಿಕ್ಷೆ ಕೊಟ್ಟಾಗ ಧೂಳೆಲ್ಲ ಹೇನಾಯ್ತಲ್ಲ, ಅದು ಸೊಳ್ಳೆನೂ ಇರಬಹುದು ಅಂದಿದ್ರಲ್ಲ ಪಾಸ್ಟರು?"

"ಹ್ಞೂಂ. ಈಗ್ಯಾಕೆ ಅದು, ಸುಗುಣಾ?"

"ಗೋಷೆನ್‌ನಲ್ಲಿದ್ದ ದೇವರ ಜನಕ್ಕೆ ಅದು ಕಚ್ಚಲಿಲ್ವಾ?"

"ಆಮೇಲೆ ಬಂದ ನೊಣ ಗೋಷೆನ್ನಿಗೆ ಹೋಗಲಿಲ್ಲ ಅಂತ ಬರೆದಿದೆ. ಈ ಹೇನಿನ ಬಗ್ಗೆ ಹಾಗೇನೂ ಬರೆದಿಲ್ಲ."

"ಮತ್ತೆ ಸಂಡೇ ಸ್ಕೂಲಲ್ಲಿ ನೀವು ಕಚ್ಚಲಿಲ್ಲ ಅಂತ ಯಾಕೆ ಪಾಠ ಮಾಡಿದ್ರಿ?"

"ಮಕ್ಕಳು ಹೆದರ್ತಾರೆ ಅಂತ."

"ನಮ್ಮ ಜೆಸ್ಸಿ ಹೆದರಲೇ ಇಲ್ಲ. ಸೊಳ್ಳೆ ಕ್ರೀಮ್ ಹಚ್ಚೋಕೆ ಹೋದ್ರೆ, 'ಮಮ್ಮಿ, ನಾವು ಗೋಷೆನ್‌ವಾಲೇ ಹೈಂ ನಾ, ಗೋಷೆನ್ ಜನಕ್ಕೆ ಕಚ್ಚಲ್ಲ' ಅಂತ ನಗ್ತಾ ಓಡ್ತಿದ್ಲು."

ಬಾಗಿಲು ತೆರೆಯಿತು. "ಜೆಸ್ಸಿ ಕೇ ಪಾಪಾ ಕೌನ್ ಹೈ?" ಎಂದು ನರ್ಸ್ ಜೆಸ್ಸಿಯ ಅಪ್ಪನನ್ನು ಕರೆದಳು.

ಆತ ಏಳಲಿಲ್ಲ. ಆಕೆ ಒಬ್ಬಳೇ ಎದ್ದು ಒಳಗೆ ಹೋದಳು.