ನಕ್ಷೆಯಲ್ಲಿ ನನ್ನ ಸೊಸೆ ಎಲ್ಲಿ?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಬಾಗಿಲ ಹತ್ತಿರದ ಕುರ್ಚಿಗಳನ್ನೇ ಆರಿಸಿಕೊಂಡಿರುವ ಬುದ್ಧಿವಂತ ಸಭಿಕರೇ,

ನಮ್ಮ ನರ್ಸಿಂಗ್ ಶಾಲೆಯ ಪಠ್ಯಕ್ರಮ ನಕ್ಷೆ ರೂಪಿಸಿದ್ದಕ್ಕಾಗಿ ನನಗೆ ಈ ಸನ್ಮಾನ. ಯಾವ ವರ್ಷ ಏನು ಕಲಿಯಬೇಕೆಂದು ಬಣ್ಣಬಣ್ಣದ ಚೌಕಗಳಲ್ಲಿ ತೋರಿಸುವ ಆ ನಕ್ಷೆ ಒಂದು ಗೋಡೆಯನ್ನೇ ನುಂಗಿತ್ತು. ವಿದ್ಯಾರ್ಥಿಗಳು ಅದರ ಮುಂದೆ ಬಹಳ ಹೊತ್ತು ನಿಲ್ಲುತ್ತಿದ್ದರು. ನಾನು ಹಿಗ್ಗಿದೆ. ಆಮೇಲೆ ತಿಳಿಯಿತು, ಅದರ ಗಾಜು ನೋಡಿಕೊಂಡು ಟೋಪಿ ಸರಿಮಾಡಿಕೊಳ್ಳುತ್ತಿದ್ದರು!

ನನ್ನ ಕಣ್ಣು ತೆರೆಸಿದವರು ಯಾರು? ನನ್ನ ಸೊಸೆ. ಮದುವೆಯಾದ ಮೇಲೆ ಇದೇ ಶಾಲೆ ಸೇರಿದವಳು. ಎರಡನೇ ವರ್ಷ, ಇಂಜೆಕ್ಷನ್ ಪರೀಕ್ಷೆಯಲ್ಲಿ ಕೈ ನಡುಗಿ ಫೇಲಾದಳು. ಮನೆಗೆ ಬಂದು ಸಮವಸ್ತ್ರ ಮಡಚಿಟ್ಟು, "ನಾಳೆಯಿಂದ ನಾನು ಹೋಗಲ್ಲ ಮಾವ" ಅಂದಳು. ನಾನು ಸಮಾಧಾನ ಹೇಳಿದೆನೇ? ಇಲ್ಲ. ನಕ್ಷೆಯ ಒಂದು ಪ್ರತಿಯನ್ನು ಊಟದ ಮೇಜಿನ ಮೇಲೆ ಹರಡಿ ಉಪನ್ಯಾಸ ಕೊಟ್ಟೆ. ಮಗ ಎದ್ದುಹೋದ. ನನ್ನವಳು ಆಕಳಿಸಿದಳು. ಸೊಸೆ ಮಾತ್ರ ಕೇಳಿದಳು: "ಎಲ್ಲಾ ಸರಿ ಮಾವ. ಇದ್ರಲ್ಲಿ ನಾನೆಲ್ಲಿದ್ದೀನಿ?"

ನಾನು ಕನ್ನಡಕ ಏರಿಸಿ ಅವಳನ್ನು ನಕ್ಷೆಯ ಮೂಲೆಮೂಲೆಯಲ್ಲೂ ತಡಕಾಡಿದೆ. ಅದನ್ನು ಕಂಡು ನನ್ನವಳ ಆಕಳಿಕೆಯೇ ನಿಂತಿತು.

ಒಂದೊಂದು ಚೌಕದ ಕೆಳಗೂ ತಾನು ಮಾಡಿದ್ದೇನು, ಎಡವಿದ್ದೆಲ್ಲಿ ಎಂದು ಬರೆಯಲು ಸೊಸೆಗೆ ಹೇಳಿದೆ. "ಬರೆಯೋಕೆ ಏನಿದೆ ಮಣ್ಣು?" ಅಂದಳು. ಅಡುಗೆಮನೆಯಿಂದ ನನ್ನವಳು, "ಆ ಗಡಿಯಾರದ ತಾತನ ಕಥೆ ಹೇಳೇ" ಅಂದಳು. ಯಾರನ್ನೂ ಮುಟ್ಟಗೊಡದೆ ತಟ್ಟೆ ಎಸೆಯುತ್ತಿದ್ದ ಒಬ್ಬ ರೋಗಿ, ಗಡಿಯಾರ ರಿಪೇರಿಯವನು. ಸೊಸೆ ತನ್ನ ಕೆಟ್ಟುಹೋದ ಕೈಗಡಿಯಾರವನ್ನು ಅವನ ಕೈಗಿತ್ತು, ಅವನು ಬೈಯುತ್ತಾ ಬಿಚ್ಚುವಷ್ಟರಲ್ಲಿ ಗಾಯ ತೊಳೆದು ಪಟ್ಟಿ ಕಟ್ಟಿದ್ದಳು. ಇದು ಯಾವ ಚೌಕಕ್ಕೆ ಸೇರಬೇಕು? ಹುಡುಕಿದೆ. 'ಹಠಮಾರಿಗಳನ್ನು ಸಂಭಾಳಿಸುವ ಕೌಶಲ', ಕೊನೆಯ ವರ್ಷದ ಚೌಕ!

ಸೊಸೆ ಆ ಚೌಕದ ಕೆಳಗೆ ತಾತನ ಕಥೆ ಬರೆದಳು. "ಅಂದ್ರೆ ನನಗೆ ಸೂಜಿಯೊಂದೇ ಬಾಕಿ."

ಬೆಳಗ್ಗೆ ಸಮವಸ್ತ್ರ ತೊಟ್ಟು ಹೊರಟಳು. ದಿಂಬಿಗೆ ಚುಚ್ಚಿ ಚುಚ್ಚಿ ಬೇಸತ್ತು ಒಂದು ದಿನ ನನ್ನ ತೋಳು ಕೇಳಿದಳು. ಕೊಟ್ಟೆ. ಆಗ ನಡುಗಿದ್ದು ನನ್ನ ಕೈ, ಅವಳದಲ್ಲ. ಪಾಸಾದಳು.

ಈಗ ನಮ್ಮಲ್ಲಿ ವಿದ್ಯಾರ್ಥಿಗಳೆಲ್ಲರೂ ಇಂಥ ಪೋರ್ಟ್‌ಫೋಲಿಯೋ, ಅಂದರೆ ತಮ್ಮ ಕಲಿಕೆಯ ದಾಖಲೆ ಪುಸ್ತಕ, ಇಡುತ್ತಾರೆ. ನಕ್ಷೆ ಅವರದು, ಹೆಸರು ನನ್ನದು, ಶಾಲು ಕೂಡ ನನ್ನದೇ!

ಮೊನ್ನೆ ಅಂತಿಮ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಸೊಸೆಯ ಪೋರ್ಟ್‌ಫೋಲಿಯೋ ತೆರೆದರು. 'ಹಠಮಾರಿಗಳನ್ನು ಸಂಭಾಳಿಸುವ ಕೌಶಲ' ಎಂಬಲ್ಲಿ ಅವಳು ಬರೆದಿದ್ದಳು: "ಮನೆಯಲ್ಲಿ, ಮಾವನವರ ಮೇಲೆ ನಿತ್ಯ ಅಭ್ಯಾಸ." ಪರೀಕ್ಷಕರು ಪೂರ್ಣ ಅಂಕ ಕೊಟ್ಟು, "ಯಾರ್ರೀ ಆ ಮಾವ?" ಎಂದು ನನ್ನನ್ನೇ ಕೇಳಿದರು.

ಗೊತ್ತಿಲ್ಲ ಅಂದುಬಿಟ್ಟೆ.

ಇಷ್ಟು ಹೊತ್ತು ನನ್ನನ್ನು ಸಂಭಾಳಿಸಿದ ನಿಮಗೂ ಪೂರ್ಣ ಅಂಕ, ತುಂಬು ಕೃತಜ್ಞತೆ. ನಮಸ್ಕಾರ.