ಶವಾಸನದಾಗ ಏಳಬಾರದು

ಈ ಸಭೆಯ ಅಧ್ಯಕ್ಷರೂ, ನಮ್ಮ ಗಂಗಾವತಿಯ ವ್ಯಾಯಾಮಶಾಲೆಗೆ ಜಾಗ ಕೊಟ್ಟ ದಾನಿಗಳೂ ಆದ ಸಾಹುಕಾರ ವಿರೂಪಾಕ್ಷಪ್ಪನವರೇ, ಕುಷ್ಟಗಿಯಿಂದ ಬಿಸಿಲಾಗ ಬಂದ ಅತಿಥಿಗಳೇ, ಮಂಡಳಿಯ ಸದಸ್ಯರೇ, ನನ್ನ ಮಾತು ಕೇಳಿ ಕೈಕಾಲು ಮಡಚಿದ ಶಿಷ್ಯರೇ, ಸಭಿಕರೇ,

ಈಶಪ್ಪ ಮಾಸ್ತರಿಗೆ ಇನ್ನು ವಿಶ್ರಾಂತಿ ಬೇಕು ಎಂದು ಮಂಡಳಿ ತೀರ್ಮಾನಿಸಿದೆ. ವಿಶ್ರಾಂತಿ ಬೇಕು ಅಂತ ನಾನು ಕೇಳಿರಲಿಲ್ಲ. ಇರಲಿ. ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ಯೋಗಾಸನದ ವರ್ಗದಲ್ಲಿ ಹೇಗೆ ಸಭ್ಯತೆಯಿಂದ ಇರಬೇಕು ಎಂದು ನಾಲ್ಕು ಮಾತು ಹೇಳಿ ಹೋಗಿ ಎಂದಿದ್ದೀರಿ. ಮನಿಯಾಗ ನನ್ನ ಹೆಂಡತಿ ಶೇಖರಮ್ಮ, "ಶಾಲು ತಗೊಂಡು ಸುಮ್ಮನ ಬರ್ರಿ, ಬಾಯಿ ಬಿಡಬ್ಯಾಡ್ರಿ" ಅಂದಿದ್ದಳು. ಶಾಲಂತೂ ತಗೊಂಡೆ.

ಸಭ್ಯತೆ ಅಂದರೇನು? ಹೊಟ್ಟೆ ಬಿರಿಯ ಉಂಡು ಬರಬಾರದು. ಕಾಲಾಗಿನ ಜೋಡು ಹೊರಗ ಬಿಡಬೇಕು. ಪಕ್ಕದವನ ಕಾಲು ಎಷ್ಟು ಮೇಲೆ ಹೋಯ್ತು ಅಂತ ಇಣುಕಬಾರದು. ಯಾರದಾದರೂ ವಾಯು ಸರಿದರೆ ನಗಬಾರದು. ಅದು ಸಾಹುಕಾರರದೋ ಕೂಲಿಯವನದೋ ಅಂತ ವಾಸನೆಯಿಂದ ಹೇಳಾಕ ಬರೂದಿಲ್ಲ. ನಗ್ರಿ ನಗ್ರಿ, ಇದು ವರ್ಗ ಅಲ್ಲ. ಕಡೆಗೆ ಶವಾಸನ. ಮಾಸ್ತರ "ಏಳ್ರಿ" ಅನ್ನುವತನಕ ಯಾರೂ ಕಣ್ಣು ತೆರೆಯಬಾರದು, ಯಾರೂ ಏಳಬಾರದು. ಯಾರೂ ಅಂದರೆ ಯಾರೂ.

ನಮ್ಮಪ್ಪ ಕಳಕಪ್ಪ ಯಲಬುರ್ಗಾದ ಕಚೇರಿಯಾಗ ಚಪರಾಸಿ ಆಗಿದ್ದ. ದೊಡ್ಡವರು ಬಂದರೆ ಏಳಬೇಕು ಅಂತ ಆತನಿಗೆ ಯಾರೂ ಕಲಿಸಬೇಕಾಗಲಿಲ್ಲ. ಕುಂತಿದ್ದರಲ್ಲವೇ ಏಳೋದು! ನಿಂತು ನಿಂತು ಕಾಲು ಬಾತು ಹೋಗಿದ್ದವು. ಆ ಕಾಲು ತಿಕ್ಕುತ್ತ ತಿಕ್ಕುತ್ತಲೇ ನನಗೆ ಈ ವಿದ್ಯೆಯ ಹುಚ್ಚು ಹಿಡಿಯಿತು. ಕೊನೆಯ ಬೇನೆಯೊಳಗೆ ಒಮ್ಮೆ ಆತ ಕಾಲು ಚಾಚಿ ಮಲಗಿದ. ಅಷ್ಟರಾಗ ಕಚೇರಿಯ ಗುಮಾಸ್ತರು ನೋಡಾಕ ಬಂದರು. ಅಪ್ಪ ಗಡಬಡಿಸಿ ಎದ್ದ, ಸಲಾಮಿಗೆ ಕೈ ಎತ್ತಿದ, ಹಂಗೇ ಕುಸಿದ. ಮತ್ತೆ ಉಸಿರಾಡಲಿಲ್ಲ. ಇದನ್ನು ಹೇಳಬೇಕು ಅಂತ ಬಂದಿರಲಿಲ್ಲ, ಬಾಯಿಗೆ ಬಂತು. ಕ್ಷಮಿಸಬೇಕು.

ನಮ್ಮ ವರ್ಗದೊಳಗೆ ಗಾಳೆಪ್ಪ ಅಂತ ಒಬ್ಬ ಹಮಾಲ ಇದ್ದ. ಯುದ್ಧದ ಹೊತ್ತಿನಾಗ ಸರಕಾರ ರೈತರಿಂದ ವಸೂಲಿ ಮಾಡಿದ ಲೇವಿ ಜೋಳದ ಚೀಲ ಹೊತ್ತು ಬೆನ್ನು ಹಿಡಕೊಂಡಿತ್ತು, ಅದಕ್ಕ ಬಂದ. ಮೊದಮೊದಲು ಹೊರಗೆ ಯಾರಾದರೂ ಕೆಮ್ಮಿದರೆ ಸಾಕು, ಎದ್ದು ಕೈಕಟ್ಟಿ ನಿಲ್ಲುತ್ತಿದ್ದ. "ಮಲಗಪಾ, ಇಲ್ಲಿ ನಿನ್ನ ಯಾರೂ ಕರೆಯೂದಿಲ್ಲ" ಅಂತ ಹೇಳಿ ಹೇಳಿ ನನಗೆ ಸಾಕಾಯ್ತು. ವರ್ಷಗಟ್ಟಲೆ ಹಿಡೀತು ಆತ ನೆಲಕ್ಕ ಬೆನ್ನು ನಂಬಿ ಕೊಡಾಕ.

ಹೋದ ತಿಂಗಳು ಶವಾಸನದ ಹೊತ್ತಿಗೆ ಅಧ್ಯಕ್ಷರು ಯಾರೋ ಅಧಿಕಾರಿಗಳನ್ನು ಕರಕೊಂಡು ಒಳಗೆ ಬಂದರು. ಜೋಡು ಕಾಲಾಗೇ ಇದ್ದವು. ಇಲ್ಲಿ ಮುಂದಿನ ಸಾಲಿನಲ್ಲಿ ಕುಂತ ನನ್ನ ಶಿಷ್ಯರೆಲ್ಲ ದಡಬಡ ಎದ್ದು ಕೈಮುಗಿದರು. ಗಾಳೆಪ್ಪ ಏಳಲಿಲ್ಲ. ಅಧ್ಯಕ್ಷರು ಅವನ ಪಾದವನ್ನು ಜೋಡಿನ ತುದಿಯಿಂದ ಒತ್ತಿದರು. ಆದರೂ ಕಣ್ಣು ತೆರೆಯಲಿಲ್ಲ.

"ಮಾಸ್ತರ, ಈ ಮಗನಿಗೆ ಏಳು ಅನ್ರಿ" ಅಂದರು.

"ಇನ್ನೂ ಹೊತ್ತಾಗಿಲ್ಲರಿ" ಅಂದೆ.

ಅಷ್ಟೇ ನಾನು ಆಡಿದ್ದು. ರಟ್ಟೆ ಹಿಡಿದು ಅವನನ್ನು ಹೊರಗೆ ಹಾಕಿದರು. ಮರುದಿನದಿಂದ ಗೋದಾಮಿನಲ್ಲಿ ಅವನಿಗೆ ಹೊರಾಕ ಚೀಲ ಇಲ್ಲ. ಊರಾಗಿನ ಗೋದಾಮೆಲ್ಲ ಯಾರವು ಅಂತ ನಿಮಗೆ ಗೊತ್ತೇ ಐತಿ. ಗಾಳೆಪ್ಪನ ಮನಿಯಾಗ ಒಲಿ ಹೊತ್ತಲಿಲ್ಲ. ಅವನ ಹೆಂಡತಿ ಉಡಚಮ್ಮ ಬಂದು, "ನಿಮ್ಮ ಮಲಗೋ ವಿದ್ಯೆ ನಮಗ್ಯಾಕ ಬೇಕಿತ್ರಿ ಮಾಸ್ತರ?" ಅಂದಳು. ಆಕಿಗೆ ನೀವಾದರೂ ಹೇಳ್ರಿ, ಸಭಿಕರೇ.

ಮೊನ್ನೆ ಅವನು ಹೋಗಿ ಸಾಹುಕಾರರ ಪಾದ ಹಿಡಿದನಂತೆ. ಚೀಲ ಮತ್ತೆ ಸಿಕ್ಕವು. ಇವತ್ತು ಈ ಸಭೆಯ ಬಾಗಿಲಾಗ ಕುಂತಿದ್ದ. ಅಧ್ಯಕ್ಷರ ಗಾಡಿ ಇನ್ನೂ ತಿರುವಿನಲ್ಲಿ ಇರುವಾಗಲೇ ಎಲ್ಲರಿಗಿಂತ ಮೊದಲು ಎದ್ದವನು ಅವನೇ. ನಾನು ನೋಡಿದೆ. ನೀವು ಭಾಳ ಛಲೋ ಮಾಸ್ತರರು, ಅಧ್ಯಕ್ಷರೇ.

ಶಾಲಿಗೆ, ಹಾರಕ್ಕೆ, ವಿಶ್ರಾಂತಿಗೆ ನಾನು ಆಭಾರಿ. ಅಧ್ಯಕ್ಷರು ಎದ್ದರು. ನೀವೂ ಎಲ್ಲ ಎದ್ದಿರಿ. ಗಾಳೆಪ್ಪ, ನೀನು ಆಗಿನಿಂದ ನಿಂತೇ ಅದೀ. ಕುಂದ್ರು ಅನ್ನಬೇಕು ಅನಿಸ್ತೈತಿ. ಇನ್ನು ನಾನು ನಿನ್ನ ಮಾಸ್ತರ ಅಲ್ಲಪಾ.

ಎಲ್ಲರಿಗೂ ನಮಸ್ಕಾರ.