ಕೊಪ್ಪರಿಗೆಯ ಜಾಗ

ಅಧ್ಯಕ್ಷೆ ಸಾವಿತ್ರಮ್ಮನವರೇ, ಕಳಸದಿಂದ ಬಂದ ಅತಿಥಿಗಳೇ, ನಮ್ಮ ಮಹಿಳಾ ಸಮಾಜದ ಅಕ್ಕತಂಗಿಯರೇ, ಸಭಿಕರೇ,

ಇಂದು ಏಕಾದಶಿ. ನೀರೂ ಮುಟ್ಟಿಲ್ಲ, ದನಿ ಸಣ್ಣದಾದರೆ ಕ್ಷಮಿಸಿ. ಬೆಳಗ್ಗೆ ಕೊಟ್ಟಿಗೆ ಗುಡಿಸಿ, ಹಾಲು ಕರೆದು, ದೇವರ ಪಾತ್ರೆ ಬೆಳಗಿ, ಇನ್ನೂ ಒಂದು ಕೆಲಸ ಮಾಡಿ ಬಂದಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

‘ಮನೆಯ ಓರಣ’ ಎಂಬ ವಿಷಯ ಕೊಟ್ಟಿದ್ದೀರಿ. ನನಗೆ ಓರಣ ಕಲಿಸಿದವಳು ನನ್ನಜ್ಜಿ. ಅವಳ ಅಡಿಗೆಮನೆಯಲ್ಲಿ ಕಣ್ಣು ಮುಚ್ಚಿ ಕೈಚಾಚಿದರೂ ಸಾಸಿವೆ ಸಿಗುತ್ತಿತ್ತು. ಅಜ್ಜನಿಗೆ ಕಣ್ಣು ಬಿಟ್ಟರೂ ಉಪ್ಪು ಸಿಗುತ್ತಿರಲಿಲ್ಲ, ಆ ಮಾತು ಬೇರೆ.

ಜಾವಳಿ ಊರಿನ ನೆಂಟರು ಮದುವೆಗೆಂದು ಒಯ್ದ ನಮ್ಮ ತಾಮ್ರದ ಕೊಪ್ಪರಿಗೆ ಏಳು ವರ್ಷ ಹಿಂದಿರುಗಲಿಲ್ಲ. ಅಜ್ಜಿ ದಿನವೂ ಅದರ ಮೂಲೆಯನ್ನು ಸಾರಿಸುತ್ತಿದ್ದಳು. ಒಮ್ಮೆ ನಾನು ಅಲ್ಲಿ ಮೊರ ಇಟ್ಟೆ.

“ತೆಗಿಯೇ ಸುಬ್ಬೀ! ಹೋದದ್ದು ಬಂದಾಗ ಅದರ ಜಾಗದಲ್ಲಿ ಮತ್ತೊಂದು ಕೂತಿದ್ರೆ, ಅದು ಎಲ್ಲಿ ಕೂರ್ಬೇಕು ಮಾರಾಯ್ತಿ?”

ಕೊಪ್ಪರಿಗೆ ಬಂತು. ತಳ ತೂತಾಗಿತ್ತು. ಆದರೂ ಅಲ್ಲೇ ಕೂತಿತು.

ಟಪ್ಪಾಲಿನ ಕೃಷ್ಣಪ್ಪ, ಚೀಲ ಹೆಗಲಿಗೆ ಹಾಕಬೇಡ ಮಾರಾಯ. ಮುಗಿಸುತ್ತೇನೆ.

ನನ್ನ ಮನೆ ಓರಣ ಎಂದು ಎಲ್ಲರೂ ಹೊಗಳುತ್ತೀರಿ. ಏನು ಓರಣ? ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ನನ್ನ ಮಗಳು ಸರ್ವಮಂಗಳಾ ನರ್ಸು ಕೆಲಸ ಕಲಿಯಲು ಮೈಸೂರಿಗೆ ಹೊರಟಳು. ನಾಲ್ಕು ಜನ ಏನೆಂದಾರು ಎಂದು ನನಗೆ ಸಿಟ್ಟು. “ಹೋಗೋದಾದ್ರೆ ಒಂದು ಹಣಿಗೆಯನ್ನೂ ಬಿಡದೆ ತಗೊಂಡು ಹೋಗು” ಎಂದೆ. ಅವಳು ಬಟ್ಟೆ, ಪುಸ್ತಕ ಇಡುತ್ತಿದ್ದ ಗೋಡೆಯ ಗೂಡಿಗೆ ಆ ಸಂಜೆಯೇ ಉಪ್ಪಿನಕಾಯಿ ಭರಣಿ ಜೋಡಿಸಿದೆ. ಎಷ್ಟು ಅಚ್ಚುಕಟ್ಟು! ನಾಲ್ಕು ವರ್ಷ ಕಾಗದವಿಲ್ಲ, ಮಾತಿಲ್ಲ.

ಹೋದ ಶನಿವಾರ ಕಾಗದ ಬಂತು. “ಅಮ್ಮಾ, ಯುಗಾದಿಗೆ ರಜೆ ಕೊಡ್ತಾರೆ. ನನ್ನ ಗೂಡು ಖಾಲಿ ಇದ್ಯಾ? ಉತ್ತರ ಬರದಿದ್ರೆ ಇಲ್ಲೇ ಇರ್ತೇನೆ.”

ಖಾಲಿ ಎಲ್ಲಿತ್ತು? ಸುಳ್ಳು ಬರೆಯಲೇ? ಇಂದು ಬೆಳಗ್ಗೆ ಭರಣಿಗಳನ್ನು ಇಳಿಸಿದೆ. ಎಣ್ಣೆಯ ಕಲೆ ಮೂರು ಸಲ ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಆಮೇಲೆ ಬರೆದೆ: “ಖಾಲಿ ಇದೆ. ಬಾ.” ಬರೆದೆನೇ ಹೊರತು ಟಪ್ಪಾಲಿಗೆ ಕೊಡಲು ಧೈರ್ಯ ಬರಲಿಲ್ಲ. ಅದೇ ಗೂಡಿನಲ್ಲಿ ಇಟ್ಟು ಇಲ್ಲಿ ಬಂದು ಓರಣದ ಮಾತಾಡುತ್ತಿದ್ದೇನೆ. ಕೃಷ್ಣಪ್ಪ ಇಂದು ಹೋದರೆ ಮತ್ತೆ ಬರುವುದು ಯುಗಾದಿ ಕಳೆದ ಮೇಲೆ.

ಕೂತು ಕೇಳಿದ ನಿಮಗೆಲ್ಲ ವಂದನೆ. ರಾಮಮ್ಮ, ನಿನ್ನ ಕಾಲು ಚುರುಕು. ಓಡಿಹೋಗಿ ನಮ್ಮ ನಡುಮನೆಯ ಗೂಡಿನಿಂದ ಆ ಉತ್ತರ ತಂದು ಕೃಷ್ಣಪ್ಪನ ಕೈಗೆ ಕೊಡು. ಅಲ್ಲಿ ಅದೊಂದೇ ಇದೆ. ತೆಗೆದ ಮೇಲೆ ಬೇರೇನೂ ಇಡಬೇಡ.

ನಮಸ್ಕಾರ.